ಹೊಸ ಮದರ್‌ಬೋರ್ಡ್ ನಾನೇ ಕೂರಿಸಿದ್ದು

ಇಂದಿರಾನಗರದ ಆಫೀಸಿನಲ್ಲಿ ಹನ್ನೊಂದು ವರ್ಷ ಕಸೂತಿ ಡಿಸೈನ್ ಮಾಡಿ ಬಿಟ್ಟು ಬರುವಾಗ, ನಮ್ಮ ಮ್ಯಾನೇಜರ್ ನಗುತ್ತಲೇ, "ಎರಡ್ ತಿಂಗ್ಳಲ್ಲಿ ವಾಪಸ್ ಬರ್ತೀರ ಬಿಡಿ" ಎಂದಿದ್ದರು. ಆ ನಗು ನನಗೆ ಹಿಡಿಸಲಿಲ್ಲ. ಸತ್ತರೂ ಆ ಮೆಟ್ಟಿಲು ಹತ್ತುವುದಿಲ್ಲ ಎಂದುಕೊಂಡು, ರಾಮಮೂರ್ತಿ ನಗರದ ಬಾಡಿಗೆ ಮನೆಯ ನಡುಮನೆಯಲ್ಲಿ ನನ್ನ ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಸ್ವಂತ ಕೆಲಸ ಶುರುಮಾಡಿದೆ. ಶಿವಾಜಿನಗರದ ಒಂದು ಬ್ಲೌಸ್ ಅಂಗಡಿಯವರು ಚಿತ್ರ ಕಳಿಸುತ್ತಿದ್ದರು. ಕಸೂತಿ ಮೆಷಿನ್ನು ಓದುವ ಹಾಗೆ ಅದನ್ನು ಹೊಲಿಗೆ ಹೊಲಿಗೆಯಾಗಿ ಬಿಡಿಸಿ ಕೊಡುವುದು ನನ್ನ ಕೆಲಸ.

ಎರಡನೇ ತಿಂಗಳು ಮುಗಿಯುವ ಮೊದಲೇ, ಒಂದು ಮಂಗಳವಾರ, ಕಂಪ್ಯೂಟರ್ ಸತ್ತುಹೋಯಿತು. ಶನಿವಾರಕ್ಕೆ ಇಪ್ಪತ್ತೆರಡು ಡಿಸೈನ್ ಕೊಡಬೇಕಿತ್ತು, ಅರ್ಧ ಬಾಕಿ. ಕೊಡದಿದ್ದರೆ ಅಂಗಡಿಯವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಆಮೇಲೆ ನನಗೆ ಅದೇ ಮ್ಯಾನೇಜರ್, ಅದೇ ನಗು.

ನಮ್ಮ ಬೀದಿಯ ರಿಪೇರಿಯವನು ಮುಚ್ಚಳ ತೆಗೆದು ನೋಡಿ, ಮದರ್‌ಬೋರ್ಡ್ ಹೋಗಿದೆ, ಬಿಟ್ಟುಹೋಗಿ, ಮುಂದಿನ ವಾರ ನೋಡೋಣ ಎಂದ. ಮುಂದಿನ ವಾರ ಯಾರಿಗೆ ಬೇಕು? ಬೋರ್ಡ್ ತಂದು ನಾನೇ ಕೂರಿಸುತ್ತೇನೆ ಎಂದು ಹಟ ಹಿಡಿದೆ. ನನ್ನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. "ನಾನ್ ಹಾಕ್ಕೊಡ್ತೀನಿ ತಾರೇ, ನಾಲ್ಕ್ ಸ್ಕ್ರೂ ತಾನೇ" ಎಂದರು. ಅವರು ಬಿಗಿದ ಉಪ್ಪಿನಕಾಯಿ ಬಾಟಲಿಯ ಮುಚ್ಚಳವನ್ನೇ ನಮ್ಮ ಮನೆಯಲ್ಲಿ ಯಾರೂ ತೆಗೆಯಲಾರರು. "ನೀವು ದೂರ ಕೂತ್ಕೊಂಡು ನೋಡಿ ಸಾಕು" ಎಂದೆ.

ಬುಧವಾರ ಚೀಟಿ ಬರೆದುಕೊಂಡು ಶಿವಾಜಿನಗರಕ್ಕೆ ಹೋದೆ. ನನ್ನ ಪ್ರೊಸೆಸರ್ ಯಾವುದು, ಹಳೆಯ ಮೆಮೊರಿ ಯಾವ ಬಗೆಯದು, ಕಂಪ್ಯೂಟರಿನ ಡಬ್ಬದ ಅಳತೆ ಎಷ್ಟು ಎಂಬುದೆಲ್ಲ ಅದರಲ್ಲಿತ್ತು. ಗಲ್ಲಿಯೊಳಗಿನ ಒಂದು ಅಂಗಡಿಯಲ್ಲಿ ನಡುವಯಸ್ಸಿನ ಭಾಯ್ ಒಬ್ಬರು ಚೀಟಿಯನ್ನು ಎರಡು ಸಲ ಓದಿದರು. ನನ್ನ ಕಣ್ಣು ಬಣ್ಣಬಣ್ಣದ ಲೈಟು ಉರಿಯುವ ಬೋರ್ಡಿನ ಮೇಲೆಯೇ ಇತ್ತು.

"ಅದು ಆಟ ಆಡೋ ಮಕ್ಳಿಗೆ ಮೇಡಂ. ನಿಮ್ದು ದಿನಾ ಹತ್ ಗಂಟೆ ಕೆಲ್ಸ. ಇದು ನೋಡಿ" ಎಂದು ಇನ್ನೊಂದು ತೆಗೆದರು. ಪ್ರೊಸೆಸರ್‌ಗೆ ಕರೆಂಟ್ ಕೊಡುವ ಭಾಗದ ಮೇಲೆ ದಪ್ಪ ಲೋಹದ ಹೊದಿಕೆ ಇದ್ದರೆ ಅದು ಬಿಸಿಯನ್ನು ಎಳೆದು ಹೊರಗೆ ಬಿಡುತ್ತದೆ, ಸರ್ವಿಸ್ ಸೆಂಟರ್ ಇದೇ ಊರಲ್ಲಿರಬೇಕು ಎಂದು ಬಿಡಿಸಿ ಹೇಳಿದರು. ನನ್ನ ಪ್ರೊಸೆಸರ್‌ನ ಹೆಸರು ಆ ಬೋರ್ಡಿಗೆ ಹೊಂದುವವುಗಳ ಕಂಪನಿ ಪಟ್ಟಿಯಲ್ಲಿ ಇದೆಯೆಂದು ಫೋನಿನಲ್ಲಿ ತೋರಿಸಿದರು. ಪ್ರೊಸೆಸರಿನ ಮೇಲೆ ಕೂರುವ ಹಳೆಯ ಫ್ಯಾನಿನ ಕ್ಲಿಪ್ ಮುರಿದಿದ್ದರಿಂದ, ಅದರ ಬದಲು ಲೋಹದ ತಳವಿರುವ ಹೊಸ ಕೂಲರನ್ನೂ ತೆಗೆದುಕೊಂಡೆ.

ಮನೆಗೆ ಬಂದು ಪಾಲಿಯೆಸ್ಟರ್ ನೈಟಿ ಬದಲಿಸಿ ಹತ್ತಿಯ ಚೂಡಿದಾರ್ ಹಾಕಿಕೊಂಡೆ, ಬಳೆ ತೆಗೆದಿಟ್ಟೆ. ಮೈಮೇಲಿನ ಬಟ್ಟೆಯ ಸಣ್ಣ ಶಾಕಿಗೂ ಬೋರ್ಡ್ ಕೆಡಬಹುದು ಎಂದು ಓದಿದ್ದೆ. ಡಬ್ಬದಲ್ಲಿ ಹಳೆಯ ಬೋರ್ಡಿಗೆ ಒಂಬತ್ತು ಹಿತ್ತಾಳೆ ಗೂಟಗಳಿದ್ದವು, ಹೊಸದಕ್ಕೆ ಆರೇ ತೂತು. ಉಳಿದ ಮೂರನ್ನು ಬಿಟ್ಟರೆ ಬೋರ್ಡಿನ ಬೆನ್ನಿಗೆ ತಗಲಿ ಶಾರ್ಟ್ ಆಗುತ್ತದೆಂದು ಕಿತ್ತುಹಾಕಿದೆ. ಪ್ರೊಸೆಸರನ್ನು ಒತ್ತದೆ, ಗುರುತು ನೋಡಿ ಇಟ್ಟೆ. ಮೇಲೆ ಬಿಸಿ ದಾಟಿಸುವ ಪೇಸ್ಟ್ ಹಚ್ಚಿ ಕೂಲರ್ ಕೂರಿಸಿ ಗುಂಡಿ ಒತ್ತಿದೆ. ಫ್ಯಾನ್ ತಿರುಗಿತು, ಪರದೆ ಬೆಳಗಿತು. ಗಂಡನ ಮುಖ ನೋಡಿ ಹುಬ್ಬು ಹಾರಿಸಿದೆ. ಮೂರೇ ನಿಮಿಷ, ಟಪ್ಪನೆ ಆರಿಹೋಯಿತು. ಹತ್ತು ಸಲ ಗುಂಡಿ ಒತ್ತಿದೆ, ಹತ್ತು ಸಲವೂ ಹಾಗೇ ಆಯಿತು.

"ಬೋರ್ಡೇ ಸರಿಯಿಲ್ಲ" ಎಂದರು ಗಂಡ. ನನಗೂ ಅದೇ ಬೇಕಿತ್ತು.

ಗುರುವಾರ ಕೂಲರನ್ನು ಮನೆಯಲ್ಲೇ ಬಿಟ್ಟು, ಪ್ರೊಸೆಸರ್ ಸಮೇತ ಬೋರ್ಡ್ ಬಿಚ್ಚಿಕೊಂಡು ಹೋಗಿ, ಅಂಗಡಿ ತುಂಬ ಜನ ಇರುವಾಗಲೇ ಕೂಗಾಡಿದೆ. ಡೂಪ್ಲಿಕೇಟ್ ಮಾಲು, ಹೆಂಗಸು ಅಂತ ಟೋಪಿ ಹಾಕಿದ್ದೀರಿ ಎಂದೆಲ್ಲ ಬಾಯಿಗೆ ಬಂದದ್ದು ಅಂದೆ. ಭಾಯ್ ಪೇಸ್ಟ್ ಒರೆಸಿ, ತಮ್ಮದೇ ಕೂಲರ್ ಇಟ್ಟು, ಮೇಜಿನ ಮೇಲೇ ಬೋರ್ಡ್ ಓಡಿಸಿದರು. ಒಂದು ಗಂಟೆ ಓಡಿತು.

"ಬೇರೆ ಕೊಟ್ರೂ ಮನೇಲಿ ಹಿಂಗೇ ಆಗ್ತದೆ ಮೇಡಂ. ಫಿಟಿಂಗಲ್ಲಿ ಏನೋ ಇದೆ. ಡಬ್ಬ ತಗೊಂಬನ್ನಿ, ನಾನೇ ಕೂರಿಸ್ಕೊಡ್ತೀನಿ."

"ಬೇಡ" ಎಂದು ಬೋರ್ಡ್ ಕಸಿದುಕೊಂಡು ಬಂದೆ. ಬಸ್ಸಿನಲ್ಲಿ ಕೂತಾಗ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು.

ಶುಕ್ರವಾರ ಬೆಳಗ್ಗೆ ಮೊದಲಿನಿಂದ ಶುರುಮಾಡಿದೆ. ಕೂಲರಿನ ತಳಕ್ಕೆ ಮೆತ್ತಿದ್ದ ಪೇಸ್ಟನ್ನು ಬಟ್ಟೆಯಿಂದ ಒರೆಸುವಾಗ ಒಂದು ಮೂಲೆ ಮೇಲೆದ್ದಿತು. ಎಳೆದೆ. ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಸುಲಿದು ಬಂತು. ಬುಧವಾರ ಅದನ್ನು ನಾನು ನೋಡಿರಲಿಲ್ಲವೇ? ನೋಡಿದ್ದೆ. ನಮ್ಮ ಮನೆಯಲ್ಲಿ ಹೊಸ ಸಾಮಾನಿನ ಹಾಳೆ ಕೀಳುವುದೆಂದರೆ ಮಹಾಪರಾಧ. ಫ್ರಿಜ್ಜಿನ ಬಾಗಿಲಿಗೆ ಆರು ವರ್ಷದಿಂದ ಹಾಳೆಯಿದೆ, ರಿಮೋಟಿಗಿದೆ, ಗಂಡನ ಬೈಕಿನ ಮೀಟರಿಗೂ ಇದೆ. ಲೋಹಕ್ಕೆ ಗೀರು ಬೀಳದಿರಲಿ ಎಂದು ಜೋಪಾನವಾಗಿ ಬಿಟ್ಟಿದ್ದೆ. ಪ್ರೊಸೆಸರಿನ ಬಿಸಿ ಆ ಹಾಳೆಯನ್ನು ದಾಟಿ ಕೂಲರಿಗೆ ಹೋಗಲಾರದೆ ಕಂಪ್ಯೂಟರ್ ತಾನೇ ಆರುತ್ತಿತ್ತು. ತಲೆ ಚಚ್ಚಿಕೊಂಡೆ, ಮತ್ತೆ ಪೇಸ್ಟ್ ಹಚ್ಚಿ ಕೂರಿಸಿದೆ. ಮೂರು ನಿಮಿಷ ದಾಟಿತು, ಹತ್ತು ದಾಟಿತು. ಅಡುಗೆ ಗಂಡನಿಗೆ ಒಪ್ಪಿಸಿ ಕೂತವಳು ಹನ್ನೊಂದು ಡಿಸೈನ್ ಮುಗಿಸಿಯೇ ಎದ್ದೆ.

ಶನಿವಾರ ಬ್ಲೌಸ್ ಅಂಗಡಿಗೆ ಎಲ್ಲವನ್ನೂ ಕೊಟ್ಟೆ. ಅವರು ಒಂದೊಂದೇ ನೋಡಿ, ಮುಂದಿನ ವಾರದ ಚಿತ್ರಗಳ ಕಟ್ಟು ಕೈಗಿಟ್ಟರು. ಅಲ್ಲಿಂದ ಸೀದಾ ಬಸ್ ಸ್ಟ್ಯಾಂಡಿಗೆ ಹೋಗಬಹುದಿತ್ತು. ಭಾಯ್ ಅಂಗಡಿಯ ಗಲ್ಲಿಯ ಬಾಯಲ್ಲಿ ಸ್ವಲ್ಪ ಹೊತ್ತು ನಿಂತು, ಒಳಗೆ ಹೋದೆ.

ಅವತ್ತೂ ಅಂಗಡಿ ತುಂಬ ಜನ. ಭಾಯ್ ತಲೆ ಎತ್ತಿ, "ಏನಾಯ್ತು ಮೇಡಂ, ಏನಿತ್ತು ಪ್ರಾಬ್ಲಂ?" ಎಂದು ಕೇಳಿದರು.

ವೈರ್ ಲೂಸಾಗಿತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಫೀಸಿನಲ್ಲಿ ಹನ್ನೊಂದು ವರ್ಷವೂ ನನ್ನಿಂದ ಏನಾದರೂ ತಪ್ಪಾದಾಗ, ಸಿಸ್ಟಮ್ ಪ್ರಾಬ್ಲಂ ಸರ್ ಎಂದೇ ಬಚಾವಾಗಿದ್ದೆ. ಈಗ ಹಾಗೆ ಹೇಳಲು ಮೇಲೆ ಯಾರೂ ಇರಲಿಲ್ಲ.

"ಬೋರ್ಡ್ ಚೆನ್ನಾಗೇ ಇತ್ತು ಭಾಯ್. ಕೂಲರಿನ ಹಾಳೆ ಕೀಳದೆ ಹಾಕ್ಬಿಟ್ಟಿದ್ದೆ. ತಪ್ಪು ನಂದೇ" ಎಂದೆ. ಗುರುವಾರ ಕೂಗಾಡಿದಷ್ಟೇ ಜೋರಾಗಿ, ಎಲ್ಲರಿಗೂ ಕೇಳಿಸುವ ಹಾಗೆ.