ಓದದೆ ಬಿಟ್ಟ ಎರಡು ಸಾಲು

ಕಳೆದ ವಾರ ಮಗಳು ಕಾಲೇಜಿನಿಂದ ಬರುವಾಗ ನಾಲ್ಕು ಹಾಳೆ ಪ್ರಿಂಟ್ ತೆಗೆಸಿಕೊಂಡು ಬಂದಳು. ಯಾವ ಕಾಲದ್ದೋ ಇಂಗ್ಲಿಷ್ ಹೆಣಿಗೆ ಪುಸ್ತಕದ ಪುಟಗಳು. ಯಾರೋ ಪುಣ್ಯಾತ್ಮರು ಸ್ಕ್ಯಾನ್ ಮಾಡಿ ನೆಟ್ಟಿಗೆ ಹಾಕಿದ್ದಾರೆ. ಮೊದಲ ಹಾಳೆಯಲ್ಲಿ ಪೈಪು ಹಿಡಿದು ನಿಂತ ಒಬ್ಬ ದೊರೆ, ಮೈಮೇಲೆ ತೋಳಿಲ್ಲದ ಸ್ವೆಟರ್. ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಕೆ 2, ಪಿ 2, ಕೆ 2 ಟಾಗ್...

"ಅಮ್ಮ, ಇದೇನು ಪಾಸ್‌ವರ್ಡಾ?" ಎಂದು ನಕ್ಕಳು.

ನಾನು ಆಗಷ್ಟೇ ಕೆಲಸದಿಂದ ಬಂದು ಚಪ್ಪಲಿ ಬಿಟ್ಟಿದ್ದೆ. ನಿಂತಲ್ಲೇ ಹಾಳೆ ಇಸಕೊಂಡು ಹೇಳಿದೆ, "ಕೆ ಅಂದ್ರೆ ಸೀದಾ ಕುಣಿಕೆ. ಪಿ ಅಂದ್ರೆ ಉಲ್ಟಾ. ಟಾಗ್ ಅಂದ್ರೆ ಎರಡು ಕುಣಿಕೆ ಸೇರಿಸಿ ಒಂದು ಮಾಡೋದು." ಅವಳು ಬೆರಗಾಗಿ ನೋಡಿದಳು. ಅಮ್ಮನಿಗೆ ಇದೆಲ್ಲ ಗೊತ್ತು ಅಂತ ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಿರಲೂ ಇಲ್ಲ. ಹೇಳಬೇಕೆಂದರೆ ಆ ತಾತನ ಬಗ್ಗೆ ಹೇಳಬೇಕಾಗುತ್ತಿತ್ತು...

ನಾನು ನಲ್ಲೂರಿನ ಕಡೆಯವಳು. ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದ ಹೊಸದರಲ್ಲಿ ನಾವು ಬಾಡಿಗೆಗೆ ಇದ್ದದ್ದು ಮಗ್ಗಗಳ ಬೀದಿಯಲ್ಲಿ. ಬೆಳಗಾಗುತ್ತಲೇ ಎರಡೂ ಬದಿಯ ಮನೆಗಳಿಂದ ಕಟಕಟ ಶುರುವಾದರೆ ಕರೆಂಟು ಹೋದಾಗಲೇ ನಿಲ್ಲುತ್ತಿದ್ದದ್ದು. ಪಕ್ಕದ ಮನೆಯಲ್ಲಿ ಮಾತ್ರ ಮಗ್ಗ ಇರಲಿಲ್ಲ. ಅಲ್ಲಿ ಒಬ್ಬರು ಮುದುಕರು ಮಗ್ಗಗಳಿಗೆ ಕಾರ್ಡು ಹೊಡೆಯುತ್ತಿದ್ದರು. ಸೀರೆಯ ಅಂಚಿನ ಹೂವು, ಸೆರಗಿನ ನವಿಲು ಮಗ್ಗಕ್ಕೆ ತಿಳಿಯಬೇಕಾದರೆ ಮೊದಲು ಅದು ಗ್ರಾಫ್ ಹಾಳೆಯ ಮೇಲೆ ಚುಕ್ಕಿಗಳಾಗಬೇಕು, ಆಮೇಲೆ ಆ ಚುಕ್ಕಿಗಳು ಉದ್ದನೆಯ ರಟ್ಟಿನ ಪಟ್ಟಿಗಳಲ್ಲಿ ತೂತುಗಳಾಗಬೇಕು. ತೂತು ಇದ್ದ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಇಲ್ಲ. ಅಷ್ಟೇ. ಬೀದಿಯವರೆಲ್ಲ ಅವರನ್ನು ಕಾರ್ಡು ತಾತ ಅನ್ನುತ್ತಿದ್ದರು. ನಾನೂ ಹಾಗೇ ಅಂದೆ.

ಅವರ ಹೆಂಡತಿಯನ್ನು ನಾನು ಕಂಡದ್ದು ಎರಡು ವರ್ಷ ಮಾತ್ರ. ತಾತ ಕಾರ್ಡು ಹೊಡೆಯುವಾಗ ಆಕೆ ಪಕ್ಕದ ಸ್ಟೂಲಿನಲ್ಲಿ ಕೂತು ಗ್ರಾಫ್ ಓದಿ ಹೇಳುತ್ತಿದ್ದರು. "ಎರಡು ಬಿಡಿ, ಮೂರು ಹೊಡೀರಿ, ಒಂದು ಬಿಡಿ..." ಗೋಡೆಯ ಈಚೆಗೂ ಕೇಳುತ್ತಿತ್ತು, ಮಗ್ಗಿ ಒಪ್ಪಿಸುವ ಹಾಗೆ. ತಾತನ ಕಣ್ಣು ಆಗಲೇ ಸೋತಿತ್ತು. ನರ ಒಣಗುತ್ತಿದೆ, ಆಪರೇಷನ್ನಿಂದಲೂ ಬರುವುದಿಲ್ಲ ಅಂತ ಡಾಕ್ಟರು ಹೇಳಿದ್ದರಂತೆ. ಆಕೆ ಓದಿದ್ದನ್ನು ಅವರು ತಿರುಗಿ ನೋಡದೆ ಹೊಡೆಯುತ್ತಿದ್ದರು. ಬಿಡುವಾದಾಗ ಆಕೆ ಬಾಗಿಲಲ್ಲಿ ಕೂತು ಉಲನ್ ಹಾಕುತ್ತಿದ್ದರು. ಹುಡುಗಿಯಾಗಿದ್ದಾಗ ಯಾವುದೋ ಮಿಷನ್ ಶಾಲೆಯಲ್ಲಿ ಕಲಿತದ್ದಂತೆ. ಅಲ್ಲಿನ ಟೀಚರು ಕೊಟ್ಟಿದ್ದ ಪ್ಯಾಟರ್ನ್ ಪುಸ್ತಕ ಅಂಚು ಮುರಿದು, ಟೀ ಬಣ್ಣಕ್ಕೆ ತಿರುಗಿತ್ತು.

ಒಂದು ಸಂಕ್ರಾಂತಿ ಕಳೆದ ಮೇಲೆ ಆಕೆ ಜ್ವರ ಅಂತ ಮಲಗಿದರು. ಏಳಲಿಲ್ಲ.

ತಿಥಿ ಎಲ್ಲ ಮುಗಿದು ಒಂದು ತಿಂಗಳಾಗಿರಬೇಕು. ಸಂಜೆ ತಾತ ನಮ್ಮ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಬಟ್ಟೆಯ ಚೀಲ. ಅದರಲ್ಲಿ ಬೂದಿ ಬಣ್ಣದ ಉಲನ್, ಮುಗಿದ ಒಂದು ತುಂಡು, ಕಡ್ಡಿಯ ಮೇಲೇ ಉಳಿದಿದ್ದ ಇನ್ನೊಂದು ತುಂಡು, ಆ ಪುಸ್ತಕ.

"ನಮ್ಮನೆಯವಳು ನಂಗೆ ಅಂತ ಹಾಫ್ ಸ್ವೆಟರ್ ಹಾಕ್ತಿದ್ಲು ಅಮ್ಮಣ್ಣಿ. ಮುಂದಿನ ಭಾಗ ಆಗಿದೆ. ಹಿಂದಿಂದು ಗೇಣುದ್ದಕ್ಕೆ ನಿಂತ್ಬಿಟ್ಟಿದೆ. ನಾನೇ ಮುಗಿಸ್ಬೇಕು ಅಂತ. ಇದ್ರಲ್ಲಿ ಏನ್ ಬರ್ದಿದೆ ಅಂತ ಸ್ವಲ್ಪ ಓದಿ ಹೇಳ್ತೀಯಾ?"

ಬೀದಿಯಲ್ಲಿ ಇಂಗ್ಲಿಷ್ ಓದುವವಳು ಅಂದರೆ ನಾನು. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ರಕ್ತದ ರಿಪೋರ್ಟು ಟೈಪ್ ಮಾಡುವ ಕೆಲಸ ನನ್ನದು. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುವುದು. ಮಗಳಿಗೆ ಆಗ ಹತ್ತು ತಿಂಗಳು, ಅತ್ತೆ ನೋಡಿಕೊಳ್ಳುತ್ತಿದ್ದರು. ಯಜಮಾನರದು ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ. ಹೆಣಿಗೆಯ ಗಂಧ ಗಾಳಿ ನನಗಿರಲಿಲ್ಲ. ಆದರೂ ಇಲ್ಲ ಅನ್ನಲಾಗಲಿಲ್ಲ. ಪುಸ್ತಕದ ಹಿಂದೆ ಗುರುತುಗಳ ಅರ್ಥ ಕೊಟ್ಟಿದ್ದರು. ಅದನ್ನು ನೋಡಿಕೊಂಡು ಒಂದೊಂದೇ ಸಾಲು ಓದಿದೆ. ತಾತ ದಪ್ಪ ಪೆನ್ನಿನಲ್ಲಿ ಗ್ರಾಫ್ ಹಾಳೆಯ ಮೇಲೆ ಸೀದಾಕ್ಕೆ ಖಾಲಿ ಮನೆ, ಉಲ್ಟಾಕ್ಕೆ ಚುಕ್ಕಿ ಹಾಕಿಕೊಂಡರು. ಹತ್ತು ಸಾಲಾಗುವ ಹೊತ್ತಿಗೆ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಮುಖ ಅರಳಿಸಿದರು.

"ಇದೂ ನಮ್ ಕಸುಬೇ ಕಣಮ್ಮ!"

ಕೈಗೆ ಹೆಣಿಗೆ ಬರಲು ಅವರಿಗೆ ಎರಡು ತಿಂಗಳು ಬೇಕಾಯಿತು. ಹೆಂಡತಿ ಹಾಕುವುದನ್ನು ಮೂವತ್ತು ವರ್ಷ ನೋಡಿದ್ದರು. ಬೇರೆ ಉಲನ್ನಿನಲ್ಲಿ ಹಾಕಿ ಬಿಚ್ಚಿ, ಹಾಕಿ ಬಿಚ್ಚಿ, ಆಮೇಲೇ ಆಕೆ ಬಿಟ್ಟಿದ್ದ ತುಂಡನ್ನು ಮುಟ್ಟಿದ್ದು. ಮುಟ್ಟುವ ಮೊದಲು ಆಕೆಯ ಕೊನೆಯ ಸಾಲಿಗೆ ಒಂದು ಕೆಂಪು ದಾರ ಪೋಣಿಸಿ ಗುರುತು ಮಾಡಿದರು. ಮಗ್ಗದ ಹುಡುಗರು ರೇಗಿಸುತ್ತಿದ್ದರು. "ಏನ್ ತಾತ, ಸ್ವೆಟರ್ ಅಂಗಡಿ ಇಡ್ತೀರಾ?" ಅವರು ಹೂಂ ಕಣ್ರಪ್ಪ ಅಂದುಕೊಂಡು ಒಳಗೆ ಹೋಗುತ್ತಿದ್ದರು.

ದಿನಾ ಸಂಜೆ ನಾನು ಬರುವುದನ್ನೇ ಕಾದಿದ್ದು ಬರುತ್ತಿದ್ದರು. ನಾಲ್ಕು ಸಾಲು, ಆರು ಸಾಲು. ಮೊದಮೊದಲು ಇಷ್ಟವಾಗುತ್ತಿತ್ತು. ಆಮೇಲೆ... ನಿಜ ಹೇಳಬೇಕೆಂದರೆ, ರೈಲಿಳಿದು ನಡೆಯುವಾಗಲೇ ಅವರು ಇವತ್ತು ಬಾರದಿದ್ದರೆ ಸಾಕು ಅನ್ನಿಸತೊಡಗಿತು.

ಆ ದಿನ ಲ್ಯಾಬಿನಲ್ಲಿ ಒಬ್ಬರ ರಿಪೋರ್ಟಿಗೆ ಇನ್ನೊಬ್ಬರ ಹೆಸರು ಹಾಕಿಬಿಟ್ಟಿದ್ದೆ. ಎಲ್ಲರೆದುರು ಬೈಸಿಕೊಂಡೆ. ರೈಲು ಯಲಹಂಕದಲ್ಲಿ ಒಂದು ಗಂಟೆ ನಿಂತಿತು. ನಾನೂ ನಿಂತೇ ಇದ್ದೆ. ಮನೆಗೆ ಬಂದರೆ ಮಗುವಿಗೆ ಜ್ವರ, ಅತ್ತೆಯ ಮುಖ ಗಂಟು. ಮಗುವನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದಾಗ ತಾತ ಬಂದರು. ಪುಸ್ತಕ ಕೈಗೆ ಕೊಟ್ಟರು. ಅಲ್ಲಿಂದ ಮುಂದೆ ಎರಡು ಉದ್ದನೆಯ ಸಾಲುಗಳಿದ್ದವು. ಕಂಕುಳ ಹತ್ತಿರ ಹೇಗೆ ಕಿರಿದು ಮಾಡಬೇಕು, ಎಷ್ಟು ಕುಣಿಕೆ ಮುಚ್ಚಬೇಕು, ಎಷ್ಟು ಸಲ ಎರಡನ್ನು ಒಂದು ಮಾಡಬೇಕು ಅಂತ. ಅದನ್ನು ಬಿಡಿಸಿ ಹೇಳಲು ಅರ್ಧ ಗಂಟೆಯಾದರೂ ಬೇಕು.

"ಇಲ್ಲಿಂದ ಕೊನೇವರೆಗೂ ಹೀಗೇ ತಾತ. ಇದೇ ಡಿಸೈನು ಹಾಕ್ಕೊಂಡು ಹೋಗಿ," ಅಂದೆ.

"ಮುಂದಿನ ತುಂಡು ಕಂಕುಳ ಹತ್ರ ಸಣ್ಣ ಆಗಿದ್ಯಲ್ಲಮ್ಮಾ?"

"ಹಿಂದಕ್ಕೆ ಹಂಗಿಲ್ಲ."

"ಹಂಗಿದ್ರೆ ಸರಿ," ಅಂದು ಎದ್ದರು. ಅನುಮಾನವೇ ಪಡಲಿಲ್ಲ. ಮಗುವಿನ ಹಣೆ ಮುಟ್ಟಿ ನೋಡಿ, ಒದ್ದೆ ಬಟ್ಟೆ ಹಾಕಮ್ಮ ಅಂದು ಹೋದರು.

ಮೂರು ವಾರ ಅವರು ಬರಲಿಲ್ಲ, ಬರುವ ಅಗತ್ಯ ಇರಲಿಲ್ಲವಲ್ಲ. ನನಗೆ ಆರಾಮಾಗಿತ್ತು. ಆರಾಮಾಗಿತ್ತು ಅನ್ನುವುದನ್ನು ಬರೆಯಲು ಈಗ ಕೈ ಏಳುವುದಿಲ್ಲ.

ಒಂದು ಭಾನುವಾರ ಎರಡೂ ತುಂಡುಗಳನ್ನು ತಂದು ನಮ್ಮ ಚಾಪೆಯ ಮೇಲೆ ಹರಡಿದರು. ಮುಂದಿನದು ಮೇಲಕ್ಕೆ ಹೋಗುತ್ತ ಹದವಾಗಿ ಕಿರಿದಾಗಿತ್ತು. ಹಿಂದಿನದು ದಿಂಬಿನ ಚೀಲದ ಹಾಗೆ ನೆಟ್ಟಗೆ ಹೋಗಿತ್ತು. ಒಂದಕ್ಕೊಂದು ಕೂಡುವ ಮಾತೇ ಇರಲಿಲ್ಲ.

"ಪುಸ್ತಕದೋರೇ ಎಲ್ಲೋ ತಪ್ಪಿದಾರೆ ಅನ್ಸುತ್ತೆ," ಅಂದರು ತಾತ. "ಒಂದೊಂದ್ಸಲ ಆಗುತ್ತಮ್ಮ. ನಮ್ ಗ್ರಾಫಲ್ಲೂ ಆಗುತ್ತೆ. ಒಂದು ತೂತು ತಪ್ಪಿದ್ರೆ ಸೀರೆ ಉದ್ದಕ್ಕೂ ಅದೇ ತಪ್ಪು ಬರ್ತಾ ಹೋಗುತ್ತೆ."

ಸುಮ್ಮನಿರಬಹುದಿತ್ತು. ಪುಸ್ತಕದವರ ಮೇಲೆ ಹಾಕಬಹುದಿತ್ತು. ಆದರೆ ಅವರು ಬೆರಳಿನಿಂದ ತುಂಡಿನ ಅಂಚು ಸವರುತ್ತ ತಪ್ಪು ಎಲ್ಲಿದೆ ಅಂತ ಹುಡುಕುತ್ತಿದ್ದರು, ತಮ್ಮ ಕೈಯದೇ ಇರಬಹುದೇನೋ ಅಂತ. ಅದು ನೋಡಲಾಗಲಿಲ್ಲ.

"ಪುಸ್ತಕದಲ್ಲಿ ಸರಿಯಾಗಿದೆ ತಾತ. ನಾನೇ ಎರಡು ಸಾಲು ಓದ್ಲಿಲ್ಲ. ಅವತ್ತು ತುಂಬ ಸುಸ್ತಾಗಿತ್ತು..."

ತಾತ ಅಂಚಿನಿಂದ ಬೆರಳು ತೆಗೆದರು. ತುಂಡುಗಳನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. ಬಾಗಿಲಲ್ಲಿ ನಿಂತು ಹೇಳಿದರು, "ಇವತ್ತು ಬೇಡ ಅನ್ಬೇಕಿತ್ತು ಅಮ್ಮಣ್ಣಿ. ನಾಳೆ ಬರ್ತಿದ್ದೆ."

ಅಷ್ಟೇ. ಬೈದಿದ್ದರೆ ಮರೆತುಹೋಗುತ್ತಿತ್ತೇನೋ.

ಎಂಟು ದಿನ ಕಾದೆ. ಅವರು ಬರಲಿಲ್ಲ. ಒಂಬತ್ತನೆಯ ದಿನ ರೈಲಿಳಿದವಳು ಮನೆಗೂ ಹೋಗದೆ ನೇರ ಅವರ ಬಾಗಿಲು ತಟ್ಟಿದೆ. ಒಳಗೆ ರಟ್ಟಿನ ಮತ್ತು ಮೆಷಿನ್ ಎಣ್ಣೆಯ ವಾಸನೆ. ಚೀಲ ಮೊಳೆಗೆ ನೇತಾಡುತ್ತಿತ್ತು. ಬಿಚ್ಚಿ ಮತ್ತೆ ಹಾಕೋಣ ತಾತ ಅಂದೆ. ಅವರು ತಲೆ ಅಲ್ಲಾಡಿಸಿದರು.

"ಬಿಚ್ಚೋಕೆ ಹೆದ್ರಿಕೆ ಆಗುತ್ತಮ್ಮ. ಒಂದು ಕುಣಿಕೆ ಜಾರಿದ್ರೆ ಕೆಳಗಡೆವರೆಗೂ ಬಿಚ್ಕೊಂಡ್ ಹೋಗುತ್ತೆ. ಕೆಂಪು ದಾರದಿಂದ ಕೆಳಗಿರೋದು ಅವಳು ಹಾಕಿದ್ದು. ಅದು ಹೋದ್ರೆ ನಾನೇನ್ ಮಾಡ್ಲಿ? ಜಾರಿದ್ದು ನಂಗೆ ಕಾಣಲ್ವಲ್ಲ."

"ನಂಗೆ ಕಾಣುತ್ತೆ," ಅಂದೆ. "ಕುಣಿಕೆ ಹಿಡಿಯೋದು ಹೇಳ್ಕೊಡಿ."

ನಾನು ಹೆಣಿಗೆ ಕಲಿತದ್ದು ಹೀಗೆ. ಹದಿನೈದು ದಿನ, ಸಂಜೆ ಸಂಜೆ, ಅವರ ಸ್ಟೂಲಿನಲ್ಲಿ ಕೂತು. ದಾರ ಎಷ್ಟು ಬಿಗಿ ಹಿಡಿಯಬೇಕು ಅಂತ ನನ್ನ ಬೆರಳಿಗೆ ಸುತ್ತಿ ತೋರಿಸಿದರು. ಕೈ ಕುದುರಿದ ಮೇಲೆ ಬಿಚ್ಚಲು ಕೂತೆವು. ಅವರು ನಿಧಾನಕ್ಕೆ ದಾರ ಎಳೆಯುತ್ತ ಉಂಡೆ ಸುತ್ತುವುದು, ಕಂಕುಳ ಸಾಲು ಸಿಕ್ಕಿದಾಗ ನಾನು ಒಂದೊಂದೇ ಕುಣಿಕೆಯನ್ನು ಕಡ್ಡಿಗೆ ಏರಿಸುವುದು. ನೂರಹತ್ತು ಕುಣಿಕೆ. ತೊಂಬತ್ತು ದಾಟಿದ ಮೇಲೆ ಬೀದಿಯಲ್ಲಿ ಯಾರೋ ಸ್ಕೂಟರಿನ ಹಾರನ್ ಹೊಡೆದರು, ನನ್ನ ಕೈ ಬೆಚ್ಚಿತು. ಒಂದು ಕುಣಿಕೆ ಜಾರಿ ಏಣಿಯ ಹಾಗೆ ಕೆಳಗೆ ಕೆಳಗೆ ಬಿಚ್ಚಿಕೊಳ್ಳುತ್ತ ಹೋಯಿತು.

"ತಾತ!" ಅಂದೆ.

ಅವರು ಕೇಳಲಿಲ್ಲ ಎಲ್ಲಿ ಅಂತ. ಹೆಬ್ಬೆರಳು ಚಾಚಿ, ತಡವಿ, ಸರಿಯಾದ ಜಾಗದಲ್ಲಿ ಒತ್ತಿ ಹಿಡಿದುಬಿಟ್ಟರು. ಕೆಂಪು ದಾರ ಅಲ್ಲಿಂದ ನಾಲ್ಕೇ ಸಾಲು ಕೆಳಗಿತ್ತು. ಆಕೆಯ ಕ್ರೋಷಾ ಕಡ್ಡಿಯಲ್ಲಿ ನಾನು ಒಂದೊಂದೇ ಮೆಟ್ಟಿಲು ಮೇಲೆತ್ತಿ ಕುಣಿಕೆಯನ್ನು ಕಡ್ಡಿಗೆ ತರುವವರೆಗೂ ಆ ಹೆಬ್ಬೆರಳು ಅಲುಗಲಿಲ್ಲ. ಆಮೇಲೆ ಅವರು ಎದ್ದು ಟೀ ಕಾಯಿಸಿದರು. ಸಕ್ಕರೆ ಜಾಸ್ತಿಯಾಗಿತ್ತು.

ಆ ಎರಡು ಸಾಲುಗಳನ್ನು ಅವರಿಗೆ ಎಷ್ಟು ಸಲ ಓದಿ ಹೇಳಿದೆನೋ! ಹೇಳಿ ಹೇಳಿ ಇಡೀ ಪ್ಯಾಟರ್ನು ನನಗೆ ಬಾಯಿಪಾಠವಾಯಿತು. ದೀಪಾವಳಿ ಕಳೆದು ಚಳಿ ಬೀಳುವ ಹೊತ್ತಿಗೆ ಸ್ವೆಟರ್ ಮುಗಿಯಿತು. ತಾತ ಅದನ್ನು ಹಾಕಿಕೊಂಡು ಬೀದಿಯ ಆ ತುದಿಯಿಂದ ಈ ತುದಿಗೆ ನಡೆದರು. ಹಿಂಭಾಗದಲ್ಲಿ ಆಕೆಯ ಕೈ ಎಲ್ಲಿಗೆ ಮುಗಿದು ಇವರ ಕೈ ಎಲ್ಲಿ ಶುರುವಾಗಿತ್ತು ಅನ್ನುವುದು ನೋಡಿದವರಿಗೆಲ್ಲ ಕಾಣುತ್ತಿತ್ತು. ಇವರದು ಸ್ವಲ್ಪ ಬಿಗಿ. ಮಗ್ಗದ ಹುಡುಗರು ಆವತ್ತು ರೇಗಿಸಲಿಲ್ಲ.

ಎರಡು ವರ್ಷಕ್ಕೆ ಡಿಸೈನೆಲ್ಲ ಕಂಪ್ಯೂಟರಿಗೆ ಹೋಯಿತು. ಕೈಯಲ್ಲಿ ಕಾರ್ಡು ಹೊಡೆಸುವವರು ಕಡಿಮೆಯಾದರು. ಕಣ್ಣೂ ಪೂರ್ತಿ ಮಂಜಾಯಿತು. ಧರ್ಮಾವರಕ್ಕೆ ಮದುವೆ ಮಾಡಿಕೊಟ್ಟಿದ್ದ ಮಗಳು ಬಂದು ಕರೆದುಕೊಂಡು ಹೋದಳು. ಪುಸ್ತಕವನ್ನೂ ಉಲನ್ ಚೀಲವನ್ನೂ ಮಡಿಲಲ್ಲಿ ಇಟ್ಟುಕೊಂಡೇ ಅವರು ಕಾರು ಹತ್ತಿದ್ದು. "ಒಂದ್ಸಲ ಬಾಮ್ಮ, ಮಗೂನ ಕರ್ಕೊಂಡು," ಅಂದರು. ಬರ್ತೀನಿ ತಾತ ಅಂದೆ.

ಆಗಾಗ ಅವರೇ ಫೋನ್ ಮಾಡುತ್ತಿದ್ದರು. ಯಾವಾಗ ಬರ್ತೀಯಾ ಅನ್ನುತ್ತಿದ್ದರು. ಈ ತಿಂಗಳು ರಜ ಸಿಕ್ಕಲ್ಲ ತಾತ, ಮಗು ಪರೀಕ್ಷೆ ತಾತ, ಅತ್ತೆಗೆ ಹುಷಾರಿಲ್ಲ ತಾತ... ಎಲ್ಲವೂ ನಿಜವೇ. ನಾನು ಹೋದದ್ದು ಅವರು ತೀರಿಕೊಂಡು ಮೂರು ತಿಂಗಳಾದ ಮೇಲೆ. ಸುದ್ದಿಯೇ ಅಷ್ಟು ತಡವಾಗಿ ಸಿಕ್ಕಿತ್ತು.

ಅವರ ಮಗಳು ಮಜ್ಜಿಗೆ ಕೊಟ್ಟು ಕೂರಿಸಿದಳು. ಕೊನೆಕೊನೆಗೆ ಏನು ಮಾಡುತ್ತಿದ್ದರು ಅಂತ ಕೇಳಿದೆ.

"ಹೆಣೀತಿದ್ರು ಅಕ್ಕ. ಮೊಮ್ಮಗಂಗೆ ಅಂತ ಅಂಥದ್ದೇ ಸ್ವೆಟರ್ ಶುರು ಮಾಡಿದ್ರು. ನಮ್ ಮಕ್ಕಳಿಗೆ ಓದಿ ಹೇಳ್ರೋ ಅನ್ನೋರು. ಅವು ಒಂದು ಸಾಲು ಓದೋವು, ಆಟಕ್ಕೆ ಓಡೋವು. ಇವ್ರು ಬಗ್ಗಿ ಪುಸ್ತಕ ಹಿಡ್ಕೊಂಡು ಕೂತೇ ಇರೋರು. ಆಮೇಲಾಮೇಲೆ ಕೇಳೋದು ಬಿಟ್ಬಿಟ್ರು. ಸುಮ್ನೆ ನೆಟ್ಟಗೆ ಹಾಕ್ಕೊಂಡು ಹೋಗೋದು, ಉದ್ದ ಆದ್ಮೇಲೆ ಬಿಚ್ಚೋದು. ದೊಡ್ಡಬಳ್ಳಾಪುರದಿಂದ ಅಮ್ಮಣ್ಣಿ ಬರ್ತಾಳೆ, ಅವಳು ಓದ್ತಾಳೆ ಅಂತಿದ್ರು."

ಮಜ್ಜಿಗೆ ಲೋಟ ಕೈಯಲ್ಲೇ ಇತ್ತು. ಕುಡಿದೆನೋ ಇಲ್ಲವೋ ನೆನಪಿಲ್ಲ.

ಈಗ ನನಗೆ ನಲವತ್ತಾರು. ಅದೇ ರೈಲು, ಅದೇ ಲ್ಯಾಬು. ಅತ್ತೆ ಹೋದರು, ಮನೆ ಬದಲಾಯಿತು. ಅಂದಿನ ಸುಸ್ತು ಮಾತ್ರ ಹೋಗಿಲ್ಲ, ವಯಸ್ಸಿನ ಜೊತೆ ಇನ್ನಷ್ಟು ಕೂಡಿಕೊಂಡಿದೆ. ಅವರಿರುವಾಗ ಧರ್ಮಾವರಕ್ಕೆ ಹೋಗಲಾಗಲಿಲ್ಲ, ಏನು ಮಾಡುವುದು, ಸಂಸಾರ ಅಂತ ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೊನ್ನೆ ರೈಲು ರಾಜಾನುಕುಂಟೆ ದಾಟುವಾಗ ಎದುರಿಗೆ ಒಬ್ಬ ಹೆಂಗಸು ಫೋನಿನಲ್ಲಿ ಯಾರಿಗೋ ಸಾರು ಮಾಡುವುದು ಹೇಳಿಕೊಡುತ್ತಿದ್ದಳು. ಈಗ ಹುಣಸೆ ರಸ ಹಾಕು, ಈಗ ಉರಿ ಸಣ್ಣ ಮಾಡು ಅಂತ. ಕೇಳುತ್ತ ನಿಂತವಳಿಗೆ ಆಗ ಹೊಳೆಯಿತು.

ಫೋನಿನಲ್ಲೇ ಹೇಳಬಹುದಿತ್ತು. ದಿನಕ್ಕೆ ನಾಲ್ಕು ಸಾಲು, ಐದು ನಿಮಿಷ. ಪುಸ್ತಕವೂ ಬೇಕಿರಲಿಲ್ಲ ನನಗೆ. ಅವರು ಅಷ್ಟು ಸಲ ಫೋನ್ ಮಾಡಿದರು, ನಾನು ಅಷ್ಟು ಸಲ ಬರ್ತೀನಿ ಅಂದೆ. ಇಬ್ಬರಿಗೂ ಅದು ಹೊಳೆಯಲೇ ಇಲ್ಲ.

ದೊಡ್ಡಬಳ್ಳಾಪುರ ಬಂತು. ಎಲ್ಲರೂ ಇಳಿದ ಮೇಲೆ ಇಳಿದೆ.