ಅಪ್ಪನ ಹೆಸರಿನಲ್ಲಿ ತಿಂದ ತುಪ್ಪ

ರಕ್ತ ಪರೀಕ್ಷೆಗೆ ನಾನು ಹೆದರುತ್ತೇನೆ. ಸೂಜಿಗಲ್ಲ, ಅದು ಮುಗಿಯುವವರೆಗೆ ಬೆಳಗಿನ ಉಗ್ಗಾಣಿ-ಬಜ್ಜಿ ತಪ್ಪುತ್ತದಲ್ಲ, ಅದಕ್ಕೆ. ಮಂಡಕ್ಕಿ ನೆನೆಸಿ ಹಿಂಡಿ, ಒಗ್ಗರಣೆ ಕೊಟ್ಟು, ಮೇಲೆ ಹುರಿಗಡಲೆ ಪುಡಿ ಉದುರಿಸಿ, ಪಕ್ಕದಲ್ಲಿ ಬಿಸಿ ಮೆಣಸಿನಕಾಯಿ ಬಜ್ಜಿ ಇಟ್ಟುಕೊಡುವ, ಆಂಧ್ರದ ಗಡಿಯ ಆದೋನಿಯಲ್ಲಿ ಹುಟ್ಟಿದವನು ನಾನು. ಖಾಲಿ ಹೊಟ್ಟೆಯಲ್ಲಿ ಬೀದಿಗಿಳಿಯುವುದೆಂದರೆ ನನಗೆ ಚಪ್ಪಲಿ ಇಲ್ಲದೆ ಇಳಿದ ಹಾಗೆ.

ಈ ಸಲ ಫಲಿತಾಂಶ ನೋಡಿದ ಡಾಕ್ಟರು, ಕೆಟ್ಟ ಕೊಲೆಸ್ಟ್ರಾಲ್ ಏರಿದೆ, ಹೀಗೇ ಬಿಟ್ಟರೆ ಹೃದಯದ ರಕ್ತನಾಳ ಕಟ್ಟಿಕೊಳ್ಳುತ್ತದೆ, ಮಾತ್ರೆ ನುಂಗಿ, ತುಪ್ಪ ಮತ್ತು ಕರಿದದ್ದು ಬಿಡಿ ಎಂದು ತೆಲುಗಿನಲ್ಲಿ ಒಮ್ಮೆ ಹೇಳಿದರು. ಹೆಂಡತಿ ಅದನ್ನೇ ಕನ್ನಡದಲ್ಲಿ ಮನೆ ಮುಟ್ಟುವವರೆಗೂ ಹೇಳಿದಳು.

ನಾನೂ ಸುಮ್ಮನಿರಲಿಲ್ಲ, ಓದಿಕೊಂಡೆ. ಕೊಲೆಸ್ಟ್ರಾಲನ್ನು ನಮ್ಮ ಪಿತ್ತಜನಕಾಂಗವೇ ತಯಾರಿಸುತ್ತದಂತೆ. ಬೆಣ್ಣೆ ತುಪ್ಪದ ಕೊಬ್ಬು ಅದಕ್ಕೆ ಕುಮ್ಮಕ್ಕು ಕೊಡುತ್ತದಂತೆ. ಕಾಳು, ಸೊಪ್ಪು, ಜೋಳದ ನಾರು ಒಂದಿಷ್ಟನ್ನು ಹೊರಗೆ ಸಾಗಿಸುತ್ತದಂತೆ. ಇದರಲ್ಲಿ ಮೊದಲ ವಾಕ್ಯವನ್ನಷ್ಟೇ ಹೆಂಡತಿಗೆ ಓದಿ ಹೇಳಿದೆ. ಆಕೆ ತುಪ್ಪದ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದಳು.

ನನ್ನ ಕೊನೆಯ ಆಧಾರ ಅಪ್ಪ. ಹತ್ತಿ ವ್ಯಾಪಾರಿಯಾಗಿದ್ದ ಅಪ್ಪನ ಊಟ ನಮ್ಮ ಮನೆತನದಲ್ಲಿ ಒಂದು ಪುರಾಣ. ಹೋಳಿಗೆಯನ್ನು ಬಟ್ಟಲಲ್ಲಿ ಮುರಿದು, ಮುಳುಗುವಷ್ಟು ತುಪ್ಪ ಸುರಿಸಿಕೊಂಡು ಉಣ್ಣುತ್ತಿದ್ದರು. ಅವ್ವ ಬೆಣ್ಣೆ ಕಾಯಿಸುವಾಗ ಕೊನೆಗೊಂದು ವೀಳ್ಯದೆಲೆ ಹಾಕುತ್ತಿದ್ದಳು. ಎಲೆ ಚುರುಗುಟ್ಟಿದ ಕೂಡಲೇ ನಾವೆಲ್ಲ ಒಲೆಯ ಮುಂದೆ ಹಾಜರು. ಆ ವಾಸನೆ ನೆನೆದರೆ ಈಗಲೂ ನನ್ನ ಕಣ್ಣು ತುಂಬುತ್ತದೆ. ಅಪ್ಪನಿಗೆ ಇಲ್ಲದ ಕೊಲೆಸ್ಟ್ರಾಲ್ ನನಗೆ ಎಲ್ಲಿಂದ ಬಂತು?

ಈ ವಾದಕ್ಕೆ ಬೆಂಬಲ ಬೇಕಾಗಿ ಆಸ್ಪರಿಯಲ್ಲಿರುವ ಅಕ್ಕನ ಮನೆಗೆ ಹೋದೆ. ನಮ್ಮ ಕಡೆ ತುಪ್ಪ ಬಡಿಸುವವರು ಸಾಕೇ ಎಂದು ಕೇಳುವುದಿಲ್ಲ. ಉಣ್ಣುವವನು ತಟ್ಟೆಗೆ ಎರಡೂ ಕೈ ಅಡ್ಡ ಹಿಡಿಯುವವರೆಗೆ ಸುರಿಯುತ್ತಲೇ ಇರಬೇಕು. ಒಂದೇ ಕೈ ಹಿಡಿದರೆ ಅದು ಬರೀ ಸಂಕೋಚ. ನಾನಂತೂ ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ಅಕ್ಕ ಭಾವನ ಹೋಳಿಗೆಗೆ ತುಪ್ಪ ಹಾಕಿದಳು. ನನ್ನ ಮುಂದೆ ಬಂದವಳು ತನ್ನ ಅಂಗೈಯನ್ನೇ ನನ್ನ ತಟ್ಟೆಗೆ ಅಡ್ಡ ಹಿಡಿದಳು.

"ಯಾಕಕ್ಕ, ತುಪ್ಪ ಮುಗದೈತೇನು?"

"ಐತಿ. ನಿನಗಿಲ್ಲ. ನಿನ್ನ ಹೆಂಡ್ತಿ ಫೋನ್ ಮಾಡಿದ್ಲು."

"ಅಪ್ಪ ಎಷ್ಟು ತಿಂತಿದ್ದ. ಏನಾತು ಆತಗ?"

ಅಕ್ಕ ಬಟ್ಟಲು ಕೆಳಗಿಟ್ಟು ನನ್ನೆದುರು ಕೂತಳು. "ನೀ ಸಣ್ಣಾವ, ನಿನಗ ನೆನಪಿಲ್ಲ. ಮೊದಲು ಹಬ್ಬಕ್ಕಷ್ಟ ತುಪ್ಪ. ವ್ಯಾಪಾರ ಕೈ ಹತ್ತಿದ ಮ್ಯಾಲ ದಿನಾ ಹಬ್ಬ ಆತು. ನಡದು ಹೋಗೋದು ಬಿಟ್ಟ, ಜೀಪು ಬಂತು. ಒಂದಿನ ಎದಿ ಹಿಡಕಂಡು ಕುಂತ. ಗ್ಯಾಸ್ ಇರಬೇಕಂತ ಸೋಡಾ ಕುಡಿಸಿದ್ವಿ. ಕುಂತಾವ ಏಳಲಿಲ್ಲ. ಆವಾಗ ಆತಗ ನಿನ್ನಷ್ಟೂ ವಯಸ್ಸು ಇರಲಿಲ್ಲಪ್ಪ."

ಅಪ್ಪ ಹೋದದ್ದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ನಮ್ಮ ಮನೆಯಲ್ಲಿ ಅಪ್ಪನ ಊಟದ ಕತೆ ಬೇರೆ, ಸಾವಿನ ಕತೆ ಬೇರೆ. ಎರಡನ್ನೂ ಒಂದೇ ಉಸಿರಿನಲ್ಲಿ ಯಾರೂ ಹೇಳಿರಲಿಲ್ಲ. ಊಟದ್ದನ್ನು ಹಬ್ಬದ ದಿನ ನಗುತ್ತ ಹೇಳುತ್ತಿದ್ದೆವು, ಸಾವಿನದ್ದನ್ನು ಹೇಳುತ್ತಲೇ ಇರಲಿಲ್ಲ. ನಾನಂತೂ ನಗುವ ಕತೆಯನ್ನಷ್ಟೇ ನಂಬಿಕೊಂಡು ಇಷ್ಟು ವರ್ಷ ಉಂಡೆ. ತಟ್ಟೆಯ ಮುಂದೆ ಕೂತು ಮೊದಲ ಸಲ ಭಯವಾಯಿತು.

"ನಿನಗ ತುಪ್ಪ ಹಾಕದಂಗ ಬಡಸಾದು ನನಗೂ ಬರವಲ್ದು," ಎಂದು ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಈಗ ಕಲ್ಯಾಕತ್ತೀನಿ."

ಆಮೇಲೆ ಜೋಳದ ರೊಟ್ಟಿ, ಹುಳಿ ಸೊಪ್ಪಿನ ಪುಂಡಿಪಲ್ಯ ಬಂದವು. ಇನ್ನೊಂದು ರೊಟ್ಟಿ ಬೇಡವೆಂದೆ, ಆಕೆ ಕೇಳದೆ ಹಾಕಿದಳು. ಉಣ್ಣುತ್ತ ಅಪ್ಪನನ್ನೇ ನೆನೆದೆ. ಅವರಿಗೆ ತುಪ್ಪ ಸುರಿಯುವವರು ಮನೆ ತುಂಬ ಇದ್ದರು, ಕೊಡುವುದಿಲ್ಲ ಎನ್ನುವವರು ಒಬ್ಬರೂ ಇರಲಿಲ್ಲ. ನನಗೆ ಇಬ್ಬರಿದ್ದಾರೆ.