ಪುಟ್ ಆಫ್ ಮತ್ತು ದೇವರ ಮುಂದಿನ ದೀಪ

ಪುಣೆಯ ಭೋಸರಿಯಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಯಲ್ಲಿ ಪಂಪುಗಳ ಬಿಡಿಭಾಗಗಳು ತಯಾರಾಗುತ್ತವೆ. ಅವು ಹಡಗು ಹತ್ತಿ ಎಲ್ಲೆಲ್ಲಿಗೋ ಹೋಗುತ್ತವೆ. ಹೋದ ಮಾಲು ಎಲ್ಲಿದೆ, ಯಾವಾಗ ಮುಟ್ಟುತ್ತದೆ, ಯಾಕೆ ತಡವಾಯಿತು ಎಂದು ಆ ಕಡೆಯವರಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆಯುವವಳು ನಾನು. ಬರೆಯುವುದಕ್ಕೆ ನನಗೆ ಎಂದೂ ಅಂಜಿಕೆ ಇರಲಿಲ್ಲ. ಬರೆದದ್ದನ್ನು ಅಳಿಸಬಹುದು, ಮತ್ತೆ ಬರೆಯಬಹುದು, ಯಾರೂ ನೋಡುವುದಿಲ್ಲ. ಆದರೆ ಮೇಜಿನ ಮೇಲಿನ ಫೋನು ಹೊಡೆದುಕೊಂಡಿತೆಂದರೆ ಮುಗಿಯಿತು. ವಿದೇಶದ ನಂಬರು ಕಂಡ ಕೂಡಲೇ ನನ್ನ ಬೆರಳು ಮ್ಯಾನೇಜರರ ಕ್ಯಾಬಿನ್ನಿಗೆ ಕರೆ ತಿರುಗಿಸುವ ಬಟನ್ ಮೇಲೆ ಹೋಗಿರುತ್ತಿತ್ತು. ನನ್ನ ಮೇಲ್‌ಗಳನ್ನು ಹೊಗಳಿ ಬರೆದವರು ಇದ್ದರು, ನನ್ನ ದನಿ ಕೇಳಿದವರು ಒಬ್ಬರೂ ಇರಲಿಲ್ಲ.

ಒಂದು ದಿನ ಮಾಲೀಕರು ಕರೆದು ಮರಾಠಿಯಲ್ಲಿ ಸ್ಪಷ್ಟವಾಗಿ ಹೇಳಿದರು: ವಿದೇಶದ ಗಿರಾಕಿಗಳ ಜೊತೆ ಮಾತಾಡಲಿಕ್ಕೆಂದೇ ಒಂದು ಹೊಸ ಜಾಗ ಆಗುತ್ತದೆ. ಇಂಗ್ಲಿಷ್ ಪರೀಕ್ಷೆಯೊಂದನ್ನು ಪಾಸು ಮಾಡಿಕೊಂಡು ಬಂದರೆ ಆ ಕುರ್ಚಿ ನನ್ನದು, ಇಲ್ಲದಿದ್ದರೆ ಹೊರಗಿನಿಂದ ಯಾರನ್ನಾದರೂ ತರುತ್ತಾರೆ. ಪರೀಕ್ಷೆಯೇನೂ ಎಲ್ಲಕ್ಕಿಂತ ದೊಡ್ಡ ಹಂತದ್ದಲ್ಲ, ಮಧ್ಯಮಕ್ಕಿಂತ ಒಂದು ಮೆಟ್ಟಿಲು ಮೇಲಿನದು. ಆದರೆ ಅದರಲ್ಲಿ ಎದುರಿಗೆ ಕೂತು ಮಾತಾಡುವ ಭಾಗವೂ ಇತ್ತು. ನಾನು ಮೇಲ್ ಬರೆದು ಬರೆದು ಉಳಿಸಿಕೊಂಡ ಗಿರಾಕಿಗಳ ಜೊತೆ ಇನ್ಯಾರೋ ಬಂದು ನಗುನಗುತ್ತ ಮಾತಾಡುವುದನ್ನು ನೆನೆದರೆ ನನಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ, ಆ ಹೊಟ್ಟೆಯುರಿಯಿಂದಲೇ ಹೆಸರು ನೋಂದಾಯಿಸಿದೆ.

ವ್ಯಾಕರಣ ನನ್ನನ್ನು ಹೆದರಿಸಲಿಲ್ಲ. ಹೆದರಿಸಿದ್ದು ಫ್ರೇಸಲ್ ವರ್ಬ್ ಎಂಬ ಒಂದು ಜಾತಿ. ಒಂದು ಸಣ್ಣ ಕ್ರಿಯಾಪದ, ಅದರ ಬೆನ್ನಿಗೆ ಇನ್ನೂ ಸಣ್ಣದೊಂದು ಪದ. ಬೇರೆ ಬೇರೆಯಾಗಿದ್ದಾಗ ಎರಡೂ ಸಾಧು, ಕೂಡಿದ ಕೂಡಲೇ ಪುಂಡರು. ಲುಕ್ ಎಂದರೆ ನೋಡು, ಆಫ್ಟರ್ ಎಂದರೆ ಆಮೇಲೆ. ಹಾಗಾದರೆ ಲುಕ್ ಆಫ್ಟರ್ ಎಂದರೆ ‘ಆಮೇಲೆ ನೋಡೋಣ’ ಎಂದಾಗಬೇಕಲ್ಲವೇ? ನಮ್ಮ ಸರಕಾರಿ ಕಚೇರಿಗಳಿಗೆ ಹೇಳಿ ಮಾಡಿಸಿದಂಥ ಪದ! ಆದರೆ ಅದರ ಅರ್ಥ ಜೋಪಾನ ಮಾಡುವುದಂತೆ. ಗಿವ್ ಅಪ್ ಎಂದರೆ ಮೇಲೆ ಕೊಡುವುದಲ್ಲ, ಕೈಚೆಲ್ಲುವುದು. ಟರ್ನ್ ಅಪ್ ಎಂದರೆ ಹೇಳದೆ ಕೇಳದೆ ಬಂದು ನಿಲ್ಲುವುದು. ಓದಿದಷ್ಟೂ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದಷ್ಟೂ ಮುಂದಿನದೇನು ಎಂದು ನೋಡುವ ಆಸೆಯಾಗುತ್ತಿತ್ತು.

ಮನೆಯಲ್ಲಿ ನನ್ನ ಜೊತೆ ಓದಿದವರು ಅತ್ತೆ. ವಿಜಯಪುರದ ಕಡೆಯವರು. ಪುಣೆಗೆ ಬಂದು ಎಷ್ಟೋ ಕಾಲವಾಗಿದ್ದರೂ ಮರಾಠಿಯನ್ನು ತರಕಾರಿಯವನ ಹತ್ತಿರ ಮಾತ್ರ ಖರ್ಚು ಮಾಡುವವರು. ಇಂಗ್ಲಿಷ್ ಅವರಿಗೆ ಬರುವುದಿಲ್ಲ, ಕುತೂಹಲ ಮಾತ್ರ ನನಗಿಂತ ಹೆಚ್ಚು. ಬೆಳಿಗ್ಗೆ ಅವರು ರೊಟ್ಟಿ ಬಡಿಯುವಾಗ ನಾನು ಪಲ್ಯಕ್ಕೆ ಹೆಚ್ಚುತ್ತ ಮೊಬೈಲಿನಲ್ಲಿ ಪಾಠ ಹಚ್ಚುತ್ತಿದ್ದೆ. ಅದು ಒಂದು ವಾಕ್ಯ ಹೇಳುತ್ತದೆ, ನಾವು ಅರ್ಥ ಹೇಳಬೇಕು, ಆಮೇಲೆ ಅದೇ ಸರಿಯುತ್ತರ ಹೇಳುತ್ತದೆ.

ಹಾಲು ‘ಗೋ ಆಫ್’ ಆಗಿದೆ ಎಂದಿತು ಮೊಬೈಲು.

“ಹಾಲಿಗೆ ಏನಾತಂತ?” ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

“ಕೆಟ್ಟು ಹೋತಂತ ರೀ.”

“ಆಫ್ ಅಂದಂಗಾತಲ್ಲ? ಹಾಲಿಗೆ ಎಲ್ಲಿ ಅದವ್ವಾ ಬಟನ್ನ?”

ನಾನು ನಗುತ್ತಿರುವಾಗಲೇ ಮುಂದಿನ ವಾಕ್ಯ ಬಂತು. ಬೆಳಿಗ್ಗೆ ಅಲಾರಾಂ ‘ಗೋ ಆಫ್’ ಆಯಿತು. ಇದೇನು ಮಹಾ ಎಂದು ನಾನು ಗಟ್ಟಿಯಾಗಿ ಹೇಳಿದೆ: ಬಂದ್ ಆಯಿತು. ತಪ್ಪು! ಅಲಾರಾಂ ಹೊಡೆದುಕೊಂಡಿತು ಎಂದು ಅರ್ಥವಂತೆ.

“ಅಯ್ಯ ಶಿವನ! ಹಾಲು ಆಫ್ ಆದ್ರ ಕೆಡ್ತದ. ಅಲಾರಾಂ ಆಫ್ ಆದ್ರ ಹೊಡಕೊಳ್ತದ. ಲೈಟ್ ಆಫ್ ಆದ್ರ?”

“ಆರ್ತದ ರೀ.”

“ಒಂದ ಹಗ್ಗದಾಗ ಎಮ್ಮಿನೂ ಕಟ್ಟತಾರ, ಕುದುರಿನೂ ಕಟ್ಟತಾರ. ಎಂಥಾ ಮಂದಿವ್ವಾ ಇವರು!”

“ಭಾಷಾನ ಸುದ್ದ ಇಲ್ಲ ರೀ ಅತ್ತೀ,” ಎಂದು ನಾನೂ ದನಿಗೂಡಿಸಿದೆ. ಅಷ್ಟೇ ಸಾಕಾಯಿತು, ಅತ್ತೆ ಪಕ್ಷ ಬದಲಾಯಿಸಿದರು. “ಹಂಗನಬ್ಯಾಡ. ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ,” ಎಂದು ಮತ್ತೆ ರೊಟ್ಟಿ ಬಡಿಯತೊಡಗಿದರು. ಅವರ ಜೊತೆ ಸಿಟ್ಟು ಮಾಡಿಕೊಂಡು ಕೂಡಲಿಕ್ಕೂ ಆಗುವುದಿಲ್ಲ, ರೊಟ್ಟಿ ಅಷ್ಟು ಚೆನ್ನಾಗಿ ಬಡಿಯುತ್ತಾರೆ.

ಆ ವಾರವೇ ಒಂದು ಸಂಜೆ ನಾವಿಬ್ಬರೂ ಒಂದು ಮದುವೆಗೆ ಹೊರಟೆವು. ಮನೆಗೆ ಬೀಗ ಹಾಕುವ ಮುಂಚೆ ದೇವರ ಮುಂದಿನ ದೀಪ ನೆನಪಾಗಿ, ಅತ್ತೆ ಬಾಗಿಲಲ್ಲೇ ನಿಂತು, “ಯವ್ವಾ, ದೀಪ ದೊಡ್ಡದು ಮಾಡಿ ಬಾ,” ಎಂದರು. ನಾನು ಒಳಗೆ ಹೋಗಿ, ಬಾಯಿಂದ ಊದಬಾರದೆಂದು ಹೂವಿನಿಂದ ಬತ್ತಿಯನ್ನು ಎಣ್ಣೆಯೊಳಗೆ ಒತ್ತಿದೆ. ದೀಪ ಆರಿತು. ಹೂವು ಹಿಡಿದ ಕೈ ಅಲ್ಲೇ ನಿಂತಿತು. ದೊಡ್ಡದು ಮಾಡು ಎಂದರಲ್ಲ, ನಾನು ಕತ್ತಲೆ ಮಾಡಿದೆನಲ್ಲ!

ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಕೇಳುತ್ತ ಬಂದ ಮಾತು. ಒಂದು ದಿನವೂ ಬತ್ತಿ ಮುಂದೆ ಸರಿಸಿ, ಎಣ್ಣೆ ಸುರಿದು ದೀಪವನ್ನು ನಿಜವಾಗಿ ದೊಡ್ಡದು ಮಾಡಿರಲಿಲ್ಲ. ಆರಿಸು ಎನ್ನುವುದು ಅಶುಭವೆಂದು ಹಾಗೆನ್ನುತ್ತಾರೆ ಎಂದು ಯಾರೂ ನನಗೆ ಕೂರಿಸಿ ಕಲಿಸಿರಲಿಲ್ಲ, ಆದರೂ ತಿಳಿದಿತ್ತು. ನನಗೆ ನಗು ತಡೆಯಲಾಗಲಿಲ್ಲ. ಹೊರಗೆ ಬಂದು ಹೇಳಿದರೆ ಅತ್ತೆ ಮೊದಲು ಗಾಬರಿಯಾದರು, ಆಮೇಲೆ ಲಿಫ್ಟಿನಲ್ಲಿ ಅವರೇ ಶುರು ಮಾಡಿದರು. ಬಳೆ ಒಡೆದರೆ ಒಡೆಯಿತು ಎನ್ನುತ್ತೇವೆಯೇ? ಹೆಚ್ಚಿತು ಎನ್ನುತ್ತೇವೆ. ಹೋಗುವಾಗ ಹೋಗುತ್ತೇನೆ ಎನ್ನುತ್ತೇವೆಯೇ? ಬರ್ತೀನಿ ಎನ್ನುತ್ತೇವೆ. ನನಗೆ ಕಾರ್ಖಾನೆ ನೆನಪಾಯಿತು. ಹೊಸ ಯಂತ್ರ ಬಂದಾಗ ತೆಂಗಿನಕಾಯಿ ಒಡೆಯಲು ಮರಾಠಿಯಲ್ಲಿ ‘ವಾಢವಾ’ ಎನ್ನುತ್ತಾರೆ. ವಾಢವಾ ಎಂದರೆ ಬೆಳೆಸು! ಹಾಗೆಂದು ಯಾರೂ ಕಾಯಿಗೆ ಗೊಬ್ಬರ ಹಾಕುವುದಿಲ್ಲ. ಮದುವೆಯ ಊಟದ ಪಂಕ್ತಿಯಲ್ಲೂ ನಾವು ಇದನ್ನೇ ಹುಡುಕುತ್ತ ಕೂತಿದ್ದೆವು, ಪಕ್ಕದವರು ನಮ್ಮನ್ನು ಏನೆಂದುಕೊಂಡರೋ.

ಪ್ರತಿ ಭಾನುವಾರ ವಿಮಾನ ನಗರದಲ್ಲಿ ಈ ಪರೀಕ್ಷೆಗೆಂದು ನನ್ನ ಇಂಗ್ಲಿಷ್ ತರಗತಿ. ಕಲಿಸುವವರು ಬೆಂಗಳೂರಿನಿಂದ ಬಂದ ಒಬ್ಬ ತರುಣ. ನಾನು ಕನ್ನಡದವಳೆಂದು ತಿಳಿದ ಮೇಲೆ ತರಗತಿ ಮುಗಿದು ಎಲ್ಲರೂ ಹೋದ ನಂತರ ಕನ್ನಡದಲ್ಲೇ ಸಂದೇಹ ಬಗೆಹರಿಸುತ್ತಿದ್ದರು. ದೀಪದ ಕತೆ ಕೇಳಿ ಖುಷಿಯಾಗಿ, “ಮೇಡಂ, ಬಂದ್ಬಿಡಿ ಅಂತೀವಲ್ಲ, ಬಂದು ಏನು ಬಿಡ್ತಾರೆ ಹೇಳಿ? ತಿಂದ್ಬಿಡು, ತಿಂದ್ನೋಡು, ತಿಂದ್ಹಾಕು. ನಮ್ದೂ ಕಮ್ಮಿ ಇಲ್ಲ,” ಎಂದರು. ಹೊರಡುವಾಗ ಒಂದು ಎಚ್ಚರಿಕೆ ಕೊಟ್ಟರು. “ನೀವು ಲೈಟಿಗೆ ಪುಟ್ ಆಫ್ ಅಂತ ಹೇಳ್ತೀರ, ನಾನು ನೋಡಿದೀನಿ. ಎಕ್ಸಾಮಲ್ಲಿ ಬೇಡ. ಲೈಟಿಗೆ ಸ್ವಿಚ್ ಆಫ್ ಅನ್ನಿ. ಪುಟ್ ಆಫ್ ಅಂದ್ರೆ ಕೆಲಸನ ಮುಂದಕ್ಕೆ ಹಾಕೋದು.”

“ಅದೇನ್ ಗೊತ್ತಿಲ್ಲೇನ್ರಿ ಸರ್,” ಎಂದೆ. ಗೊತ್ತೂ ಇತ್ತು. ಆದರೆ ಸಾಲೆಯಲ್ಲಿ, ಕಾರ್ಖಾನೆಯಲ್ಲಿ, ಮನೆಯಲ್ಲಿ ಜೀವಮಾನವೆಲ್ಲ ಲೈಟನ್ನು ‘ಪುಟ್ ಆಫ್’ ಮಾಡಿದ ನಾಲಿಗೆಗೆ ಯಾರು ಬುದ್ಧಿ ಹೇಳಬೇಕು?

ಪರೀಕ್ಷೆಯ ದಿನ ಅತ್ತೆ ಕೈಗೆ ಮೊಸರು ಸಕ್ಕರೆ ಹಾಕಿ, “ಅಂಜಬ್ಯಾಡ. ಊರಿಗೆ ಬಂದಾಕಿ ನೀರಿಗೆ ಬರಲಾರದ ಇರ್ತಾಳೇನು? ಒಂದಿಲ್ಲಾ ಒಂದಿನ ಆ ಫೋನ್ ನೀನ ಎತ್ತಬೇಕು,” ಎಂದರು. ಬರೆಯುವ ಭಾಗ ಸಲೀಸಾಗಿ ಹೋಯಿತು. ಮಾತಿನ ಭಾಗಕ್ಕೆ ಒಂದು ಸಣ್ಣ ಕೋಣೆ, ಮೇಜಿನ ಆಚೆ ಬೆಳ್ಳಿಗೂದಲ ಒಬ್ಬ ಪರೀಕ್ಷಕಿ. ನನ್ನ ಹೆಸರು, ಊರು, ಕೆಲಸ ಕೇಳಿದರು. ಒಂದೊಂದೇ ಪದ ಹುಡುಕಿ ಹೇಳಿದೆ. ಆಮೇಲೆ ಅವರು ಮೆತ್ತಗೆ ಕೇಳಿದ್ದು ಇಷ್ಟು: ನೀವು ಬಹಳ ಕಾಲದಿಂದ ‘ಪುಟ್ ಆಫ್’ ಮಾಡುತ್ತ ಬಂದಿರುವುದು ಏನಾದರೂ ಇದೆಯೇ?

ಪುಟ್ ಆಫ್ ಎಂಬುದು ಕಿವಿಗೆ ಬಿದ್ದದ್ದೇ ತಡ, ಕಣ್ಣ ಮುಂದೆ ದೀಪ ಬಂತು.

“ನಮ್ಮ ಮನೆಯಲ್ಲಿ ನಾವು ಪುಟ್ ಆಫ್ ಎನ್ನುವುದೇ ಇಲ್ಲ,” ಎಂದೆ ನಾನು, ನನ್ನ ಒಳ್ಳೆಯ ಇಂಗ್ಲಿಷಿನಲ್ಲಿ. “ಪುಟ್ ಆಫ್ ಮಾಡಿದಾಗ ಅದು ದೊಡ್ಡದಾಯಿತು ಎನ್ನುತ್ತೇವೆ.”

ಅವರು ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. ಅವರ ಮುಖದಲ್ಲಿ ಗೇಲಿ ಮಾಡುವ ಭಾವ ಇರಲಿಲ್ಲ, ನಿಜವಾದ ಆಸಕ್ತಿ ಇತ್ತು. “ಅಂದರೆ, ಮುಂದೂಡಿದಷ್ಟೂ ಅದು ದೊಡ್ಡದಾಗುತ್ತ ಹೋಗುತ್ತದೆ ಎಂಬುದು ನಿಮ್ಮ ಮಾತೇ?”

ಆಗ ನನ್ನ ತಲೆಗೆ ಹೊಳೆಯಿತು, ಅಯ್ಯೋ, ನಾನು ದೀಪದ ಬಗ್ಗೆ ಮಾತಾಡುತ್ತಿದ್ದೇನೆ, ಇವರು ಕೇಳಿದ್ದು ಬೇರೆ! ಕುರ್ಚಿ ಹೋಯಿತು, ಫೋನು ಹೋಯಿತು ಎಂದುಕೊಂಡೆ. ಅವರು ಇನ್ನೂ ಉತ್ತರಕ್ಕೆ ಕಾಯುತ್ತಿದ್ದರು. ಆ ಪ್ರಶ್ನೆಯನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಕೇಳಿಸಿಕೊಂಡೆ. ಮುಂದೂಡಿದಷ್ಟೂ ದೊಡ್ಡದಾಗುತ್ತದೆಯೇ? ಆಗುತ್ತದಲ್ಲ! ನನ್ನ ಮೇಜಿನ ಮೇಲೆಯೇ ಕೂತಿದೆಯಲ್ಲ!

“ಹೌದು,” ಎಂದೆ. “ನನ್ನ ಮೇಜಿನ ಮೇಲೆ ಒಂದು ಫೋನಿದೆ.”

ಆಮೇಲೆ ನಾನು ನಿಲ್ಲಲಿಲ್ಲ. ಅದು ಹೊಡೆದುಕೊಂಡಾಗಲೆಲ್ಲ ಬಟನ್ ಒತ್ತಿ ಮ್ಯಾನೇಜರರಿಗೆ ದಾಟಿಸುವುದನ್ನು ಹೇಳಿದೆ. ಮೊದಲು ಅದೊಂದು ಸಾಮಾನ್ಯ ಫೋನಾಗಿತ್ತು, ಪ್ರತಿಸಲ ಮುಂದೂಡಿದಾಗಲೂ ಬೆಳೆದು ಬೆಳೆದು ಈಗ ಇಡೀ ಮೇಜು ಅದೇ ಆಗಿದೆ ಎಂದೆ. ಮಾಲೀಕರ ಮಾತು ಹೇಳಿದೆ, ಹೊಟ್ಟೆ ಉರಿದದ್ದನ್ನೂ ಹೇಳಿದೆ. ಕೊನೆಗೆ ದೀಪದ ಗುಟ್ಟು ಕೂಡ ಬಿಚ್ಚಿ, ನಿಮ್ಮ ಪ್ರಶ್ನೆಯನ್ನು ನಾನು ತಪ್ಪಾಗಿ ತಿಳಿದಿದ್ದೆ ಎಂದು ಒಪ್ಪಿಕೊಂಡೆ. ಅವರು ಗಟ್ಟಿಯಾಗಿ ನಕ್ಕರು, ಬಳೆಯ ವಿಷಯವನ್ನು ಕೇಳಿ ತಿಳಿದುಕೊಂಡರು. ಬಾಯಿಪಾಠ ಮಾಡಿಟ್ಟುಕೊಂಡ ಒಂದು ಫ್ರೇಸಲ್ ವರ್ಬನ್ನೂ ನಾನು ನೆನಪು ಮಾಡಿಕೊಂಡು ಸೇರಿಸಲಿಲ್ಲ. ಹೊರಗೆ ಬಂದು ಬಸ್ಸಿಗೆ ನಿಂತಾಗ, ಅವು ತಾವೇ ಬಂದು ಹೋಗಿದ್ದವೇ ಇಲ್ಲವೇ ಎಂದು ಎಷ್ಟು ಯೋಚಿಸಿದರೂ ತಿಳಿಯಲಿಲ್ಲ.

ಪಾಸಾದೆ. ಭರ್ಜರಿಯಾಗಿ ಅಲ್ಲ, ಆದರೆ ಪಾಸು ಪಾಸೇ. ಕುರ್ಚಿ ಬಂತು, ಅದರ ಜೊತೆ ಹೊಸ ಫೋನೂ ಬಂತು. ಅದರಲ್ಲಿ ಕರೆ ತಿರುಗಿಸುವ ಬಟನ್ನೂ ಇತ್ತು, ಅದನ್ನು ನಾನು ಮೊದಲು ನೋಡಿಕೊಂಡೆ. ಮೊದಲ ಕರೆ ಬಂದಾಗ ಮ್ಯಾನೇಜರರು ಅಭ್ಯಾಸಬಲದಿಂದ ಕ್ಯಾಬಿನ್ನಿನ ಬಾಗಿಲು ತೆರೆದು ನನ್ನ ಕಡೆ ನೋಡಿದರು. ನನ್ನ ಬೆರಳೂ ಅಭ್ಯಾಸಬಲದಿಂದ ಬಟನ್ ಹತ್ತಿರ ಹೋಯಿತು. ಅದನ್ನು ಅಲ್ಲಿಂದ ಹಿಂದೆ ತೆಗೆದೆ. ನಾನು ಫೋನು ಎತ್ತಿದೆ.

ಆ ಕಡೆಯವರು ನನ್ನ ಹೆಸರು ಕೇಳಿ, ಇಷ್ಟು ದಿನ ಮೇಲ್‌ಗಳಲ್ಲಿ ಓದಿದವರ ದನಿ ಕಡೆಗೂ ಕೇಳಿತು ಎಂದು ಸಂತೋಷಪಟ್ಟರು. ಆಮೇಲೆ ದೂರು ಹೇಳಿದರು: ಪಂಪು ಶುರುವಾದಾಗಲೆಲ್ಲ ಅಲಾರಾಂ ‘ಗೋ ಆಫ್’ ಆಗುತ್ತಿದೆ. ನನಗೆ ಅತ್ತೆಯ ರೊಟ್ಟಿಯ ಸದ್ದು ಕೇಳಿದಂತಾಯಿತು. ನಗು ನುಂಗಿಕೊಂಡು, ಎಷ್ಟು ಹೊತ್ತು ಹೊಡೆದುಕೊಳ್ಳುತ್ತದೆ ಎಂದು ಕೇಳಿದೆ, ಯಾವ ಭಾಗ, ಯಾವ ಮಾಲು ಎಂದು ಕೇಳಿದೆ. ಮಾತು ಮುಗಿದಾಗ ಮಾತ್ರ ನಾಲಿಗೆ ತನ್ನ ಬುದ್ಧಿ ತೋರಿಸಿತು. ‘ಫೋನ್ ಇಡ್ಲೇನ್ರಿ?’ ಎನ್ನುವುದನ್ನು ಇಂಗ್ಲಿಷ್ ಮಾಡಿ, ‘ಶಲ್ ಐ ಕೀಪ್’, ಅಂದರೆ ನಾನು ಇಟ್ಟುಕೊಳ್ಳಲೇ ಎಂದು ಕೇಳಿಬಿಟ್ಟೆ. ಏನನ್ನು ಇಟ್ಟುಕೊಳ್ಳುತ್ತೀರಿ ಎಂದು ಪಾಪ ಅವರಿಗೆ ಗೊತ್ತಾಗಲಿಲ್ಲ. ಇಬ್ಬರೂ ನಕ್ಕು ಫೋನು ಇಟ್ಟೆವು.

ಸಂಜೆ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ ಕೇಳಿದರು.

“ಎತ್ತಿದ್ಯೇನವ್ವಾ ಫೋನು?”

“ಎತ್ತಿದೆ ರೀ.”

“ಮತ್ತ ಅಂಜಿಕಿ?”

“ದೊಡ್ಡದು ಮಾಡಿ ಬಂದೆ ರೀ, ಅತ್ತೀ.”